ಹದಿನಾಲ್ಕರ ಮಗನಿಗೆ ಓದು ಕಲಿಸುವುದು: ಎಲ್ಲಿಂದ ಶುರು ಮಾಡಲಿ?

ಮಳೆಬಿಲ್ಲು

ನನ್ನ ಮಗನಿಗೆ ಹದಿನಾಲ್ಕು ವರ್ಷ. ಬೆಳವಣಿಗೆ ನಿಧಾನ ಎಂಬುದು ಅವನು ತೀರಾ ಚಿಕ್ಕವನಿದ್ದಾಗಲೇ ಗೊತ್ತಾಗಿತ್ತು. ಈಗಿನ ವರದಿಯಲ್ಲಿ ಬೌದ್ಧಿಕ ನ್ಯೂನತೆ ಎಂದು ಬರೆದಿದ್ದಾರೆ. ಮಾತು ಬರುತ್ತದೆ, ಆದರೆ ಚಿಕ್ಕ ವಾಕ್ಯಗಳಲ್ಲಿ. ವರ್ಣಮಾಲೆಯನ್ನು ಮೊದಲಿಂದ ಕೊನೆಯವರೆಗೆ ನಿಲ್ಲದೆ ಹೇಳುತ್ತಾನೆ. ತನ್ನ ಹೆಸರು, ಮನೆಯವರ ಹೆಸರುಗಳು ಮತ್ತು ಬಸ್ಸುಗಳ ಮೇಲಿನ ಕೆಲವು ಫಲಕಗಳನ್ನು ಕಂಡ ಕೂಡಲೇ ಗುರುತಿಸುತ್ತಾನೆ. ಹೊಸ ಪದ ತೋರಿಸಿದರೆ ಮಾತ್ರ ಮೊದಲ ಅಕ್ಷರ ನೋಡಿ ಏನೋ ಒಂದನ್ನು ಊಹಿಸಿ ಹೇಳಿ, ಸರಿಯೇ ಎಂದು ನನ್ನ ಮುಖ ನೋಡುತ್ತಾನೆ. ಕಾಗುಣಿತ ಅರ್ಧಂಬರ್ಧ. ಒತ್ತಕ್ಷರ ಕಂಡರೆ ಪುಸ್ತಕ ಮುಚ್ಚಿಬಿಡುತ್ತಾನೆ.

ಅವನ ಮಟ್ಟಕ್ಕೆ ಹೊಂದುವ ಪುಸ್ತಕಗಳೆಲ್ಲ ಪುಟ್ಟ ಮಕ್ಕಳವು. ಮೊಲ, ಚಿಟ್ಟೆ, ಅಜ್ಜಿ ಕಥೆಗಳನ್ನು ಅವನು ದೂರ ತಳ್ಳುತ್ತಾನೆ. ಅವನಿಗೆ ಬೇಕಾಗಿರುವುದು ಬಸ್ಸು, ಲಾರಿ, ಎಂಜಿನ್.

ಹನ್ನೆರಡು ದಾಟಿದ ಮೇಲೆ ಓದು ಹತ್ತುವುದಿಲ್ಲ, ಇನ್ನು ದಿನನಿತ್ಯದ ಕೆಲಸಗಳನ್ನಷ್ಟೇ ಕಲಿಸಿ ಎಂದು ಒಬ್ಬರು ಹೇಳಿದರು. ಆ ಮಾತು ನನ್ನಿಂದ ನುಂಗಲಾಗುತ್ತಿಲ್ಲ. ನಿಜವಾಗಿಯೂ ತಡವಾಗಿದೆಯೇ? ಅಕ್ಷರ ಕೂಡಿಸಿ ಓದುವುದನ್ನು ಕಲಿಸಬೇಕೇ, ಇಡೀ ಪದಗಳನ್ನು ಗುರುತಿಸುವುದನ್ನೇ ಮುಂದುವರಿಸಬೇಕೇ?

ಕರಿಹಲಗೆ (ವಿಶೇಷ ಶಿಕ್ಷಕಿ)

ತಡವಾಗಿಲ್ಲ. ಹನ್ನೆರಡಕ್ಕೆ ಮುಚ್ಚುವ ಬಾಗಿಲು ಎಂಬುದೊಂದು ಓದಿಗೆ ಇಲ್ಲ. ಬೌದ್ಧಿಕ ನ್ಯೂನತೆ ಇರುವ ಮಕ್ಕಳು ಕ್ರಮಬದ್ಧವಾಗಿ ಕಲಿಸಿದರೆ ಓದುತ್ತಾರೆ ಎಂಬುದಕ್ಕೆ ಆಧಾರವಿದೆ. ಅಮೆರಿಕದಲ್ಲಿ ಜಿಲ್ ಅಲ್ಲೋರ್ ಮತ್ತು ಸಂಗಡಿಗರು ಐಕ್ಯೂ (ಬುದ್ಧಿಮಟ್ಟದ ಅಂಕ) 40ರಿಂದ 80ರ ನಡುವೆ ಇದ್ದ ಶಾಲಾ ಮಕ್ಕಳಿಗೆ ಪುಟ್ಟ ಗುಂಪುಗಳಲ್ಲಿ ದಿನವೂ 40–50 ನಿಮಿಷ ಪಾಠ ಮಾಡಿ, ನಾಲ್ಕು ಶೈಕ್ಷಣಿಕ ವರ್ಷಗಳವರೆಗೂ ಅವರ ಪ್ರಗತಿಯನ್ನು ಗಮನಿಸಿ 2014ರಲ್ಲಿ ಪ್ರಕಟಿಸಿದರು. ಆ ಮಕ್ಕಳು ನಿಮ್ಮ ಮಗನಿಗಿಂತ ಚಿಕ್ಕವರು, ನಿಜ. ಆದರೆ ಕಡಿಮೆ ಐಕ್ಯೂ ಇದ್ದರೆ ಅಕ್ಷರ ಕೂಡಿಸಿ ಓದಲು ಬಾರದು ಎಂಬ ನಂಬಿಕೆ ಅಲ್ಲಿ ನಿಲ್ಲಲಿಲ್ಲ. ಅವರಿಗೆ ಬೇಕಾದದ್ದು ಬೇರೆ ಬಗೆಯ ಪಾಠವಲ್ಲ, ಹೆಚ್ಚು ಕಾಲ ಮತ್ತು ಹೆಚ್ಚು ಪುನರಾವರ್ತನೆ. ತಿಂಗಳುಗಳ ಲೆಕ್ಕ ಬಿಟ್ಟು ವರ್ಷಗಳ ಲೆಕ್ಕದಲ್ಲಿ ಯೋಚಿಸಿ.

ಪಾಠಕ್ಕೆ ಮೊದಲು ಕಿವಿ ಮತ್ತು ಕಣ್ಣಿನ ಪರೀಕ್ಷೆ ಆಗಲಿ, ಹಿಂದೆ ಆಗಿದ್ದರೂ ಮತ್ತೊಮ್ಮೆ. ಸ್ವಲ್ಪವೇ ಶ್ರವಣದೋಷವಿದ್ದರೂ ತ ಮತ್ತು ಟ, ಸ ಮತ್ತು ಶ ಕಲಸಿಹೋಗುತ್ತವೆ. ಮನೆಮಾತು ಅರ್ಥವಾಗುತ್ತಿರುವುದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ.

ಆಮೇಲೆ ವರ್ಣಮಾಲೆ. ಅದನ್ನು ಸಾಲಾಗಿ ಹೇಳುವುದು ಬಾಯಿಪಾಠ. ಅಕ್ಷರ ಗೊತ್ತು ಎಂಬುದಕ್ಕೆ ಸಾಕ್ಷಿಯಲ್ಲ. ಒಂದೊಂದು ಅಕ್ಷರವನ್ನು ಒಂದೊಂದು ಚೀಟಿಯಲ್ಲಿ ಬರೆದು, ಕಲಸಿ, ಒಂದೊಂದಾಗಿ ತೋರಿಸಿ. ತಟ್ಟನೆ ಹೇಳಿದ್ದು ಒಂದು ಕಡೆ, ಯೋಚಿಸಿ ಹೇಳಿದ್ದು ಇನ್ನೊಂದು ಕಡೆ, ಬಾರದ್ದು ಮತ್ತೊಂದು ಕಡೆ. ಬ ಮತ್ತು ಭ, ದ ಮತ್ತು ಧ ಮತ್ತು ಥ, ಪ ಮತ್ತು ಷ, ಮ ಮತ್ತು ಯ, ರ ಮತ್ತು ಠ: ಈ ಜೋಡಿಗಳಲ್ಲಿ ಎಡವುತ್ತಾನೆಯೇ ನೋಡಿ. ಎಡವಿದರೆ ಆ ಜೋಡಿಯ ಎರಡನ್ನೂ ಒಂದೇ ವಾರ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ನಲವತ್ತೊಂಬತ್ತೂ ಬರಲಿ, ಆಮೇಲೆ ಪದ ಎಂದು ಮಾತ್ರ ಕಾಯಬೇಡಿ. ತಟ್ಟನೆ ಬರುವ ಅಕ್ಷರ ಐದೇ ಇದ್ದರೂ ಅವುಗಳಿಂದಲೇ ಪದ ಕಟ್ಟಿ. ರ, ಗ, ಸ, ದ, ಅ ಎಂಬ ಕ್ರಮವನ್ನು ನೀವು ಕೇಳಿರುತ್ತೀರಿ. ಅದರ ಉದ್ದೇಶವೇ ಅದು: ಬರೆಯಲು ಸುಲಭ, ಮೊದಲ ವಾರದಲ್ಲೇ ‘ಸರ’, ‘ರಸ’, ‘ಗರಗಸ’ ಓದಿಬಿಡಬಹುದು.

ಸಂಜೆಗಾಳಿ

ನನ್ನ ಮಗಳಿಗೆ ಡೌನ್ ಸಿಂಡ್ರೋಮ್, ಈಗ ಹದಿನಾರು. ಅನುಭವದಿಂದ ಹೇಳುತ್ತೇನೆ, ಇಡೀ ಪದಗಳನ್ನು ಬಿಡಬೇಡಿ. ಡೌನ್ ಸಿಂಡ್ರೋಮ್ ಇರುವ ಅನೇಕರಲ್ಲಿ ಕಣ್ಣಿನ ನೆನಪು ಕಿವಿಯ ನೆನಪಿಗಿಂತ ಗಟ್ಟಿ. ಕೇಳಿದ್ದನ್ನು ಕೆಲವು ಕ್ಷಣ ಹಿಡಿದಿಟ್ಟುಕೊಳ್ಳುವುದು ಅವರಿಗೆ ಕಷ್ಟ, ಕಂಡದ್ದು ಉಳಿಯುತ್ತದೆ. ‘ಕ, ಮ, ಲ’ ಎಂದು ಕೂಡಿಸುವಷ್ಟರಲ್ಲಿ ಅವಳಿಗೆ ಮೊದಲ ಅಕ್ಷರವೇ ಮರೆತುಹೋಗುತ್ತಿತ್ತು. ಇಡೀ ಪದವನ್ನು ಫೋಟೊದ ಜೊತೆ ತೋರಿಸಿದಾಗ ಹಿಡಿದುಕೊಂಡಳು.

ನಾವು ಮೂರು ಹೆಜ್ಜೆ ಇಟ್ಟುಕೊಂಡಿದ್ದೆವು. ಮೊದಲು ಹೊಂದಿಸುವುದು: ‘ಅಪ್ಪ’ ಎಂಬ ಚೀಟಿಯನ್ನು ಅದೇ ಪದವಿರುವ ಇನ್ನೊಂದು ಚೀಟಿಯ ಮೇಲೆ ಇಡುವುದು. ಆಮೇಲೆ ಆರಿಸುವುದು: ಮೇಜಿನ ಮೇಲಿರುವ ಚೀಟಿಗಳಲ್ಲಿ ‘ಅಪ್ಪ’ ಎಲ್ಲಿದೆ, ಕೊಡು. ಕೊನೆಗೆ ಹೆಸರಿಸುವುದು: ಇದು ಏನು? ಈ ಕೊನೆಯ ಪ್ರಶ್ನೆಯಿಂದ ಶುರು ಮಾಡಿದರೆ ಅದು ಕಲಿಸಿದಂತಲ್ಲ, ಪರೀಕ್ಷೆ ಮಾಡಿದಂತೆ. ಹೊಂದಿಸುವಾಗ ತಪ್ಪಾಗುವ ಸಂದರ್ಭವೇ ಕಡಿಮೆ, ಆದ್ದರಿಂದ ಮುಖ ಬಾಡುವುದಿಲ್ಲ.

ಈಗ ಅವಳು ಚಿಕ್ಕಮ್ಮನ ಸಂದೇಶಗಳನ್ನು ಮೊಬೈಲಿನಲ್ಲಿ ತಾನೇ ಓದುತ್ತಾಳೆ. ಎಲ್ಲವನ್ನೂ ಅಲ್ಲ, ತನಗೆ ಬೇಕಾದಷ್ಟನ್ನು. ನಮಗೆ ಅದು ದೊಡ್ಡದು.

ನಾದ (ವಾಕ್ ಮತ್ತು ಭಾಷಾ ಚಿಕಿತ್ಸಕ)

ಸಂಜೆಗಾಳಿ ಹೇಳಿದ ಮೂರು ಹೆಜ್ಜೆಗಳು ಸೊಗಸಾಗಿವೆ, ಅವುಗಳನ್ನು ಬಳಸಿ. ಆದರೆ ಅಲ್ಲೇ ನಿಂತುಬಿಡುವುದನ್ನು ನಾನು ಒಪ್ಪುವುದಿಲ್ಲ. ಡಯೇನ್ ಬ್ರೌಡರ್ ಮತ್ತು ಸಂಗಡಿಗರು 2006ರಲ್ಲಿ ತೀವ್ರ ಬೌದ್ಧಿಕ ನ್ಯೂನತೆ ಇರುವವರ ಓದಿನ ಬಗೆಗಿನ 128 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಬಹುಪಾಲು ಅಧ್ಯಯನಗಳು ಇಡೀ ಪದ ಗುರುತಿಸುವುದನ್ನೇ ಕಲಿಸಿದ್ದವು. ಧ್ವನಿ ಮತ್ತು ಅಕ್ಷರದ ನಂಟನ್ನು ಕಲಿಸಿ ನೋಡಿದವು ಕೆಲವೇ. ಈ ಮಕ್ಕಳಿಗೆ ಕೂಡಿಸಿ ಓದಲು ಬಾರದು ಎಂಬ ಮಾತು ಬಹುಮಟ್ಟಿಗೆ ಯಾರೂ ಕಲಿಸದೆ ಹುಟ್ಟಿದ ಮಾತು. ನನಗೆ ಇದು ಸಣ್ಣ ಸಂಗತಿಯಲ್ಲ. ಇಡೀ ಪದ ಗೊತ್ತಿರುವ ಹುಡುಗ ತನಗೆ ತೋರಿಸಿದ್ದನ್ನು ಓದುತ್ತಾನೆ. ಕೂಡಿಸಲು ಗೊತ್ತಿರುವ ಹುಡುಗ ಯಾರೂ ತೋರಿಸದ್ದನ್ನೂ ಓದುತ್ತಾನೆ.

ಇಲ್ಲಿ ಕನ್ನಡ ನಮಗೆ ಒಂದು ಅನುಕೂಲ ಮಾಡಿಕೊಟ್ಟಿದೆ. ಇಂಗ್ಲಿಷಿನಲ್ಲಿ ಮಗು ಪದವನ್ನು ಒಂದೊಂದು ಧ್ವನಿಯಾಗಿ ಒಡೆಯಬೇಕು. ನಮ್ಮ ಅಕ್ಷರ ಬಾಯಲ್ಲಿ ಒಂದೇ ಸಲಕ್ಕೆ ಹೊರಡುವ ತುಣುಕು. ‘ಮ’ ಮತ್ತು ‘ರ’ ಪಕ್ಕಪಕ್ಕ ಹೇಳಿದರೆ ‘ಮರ’ ಆಗಿಬಿಡುತ್ತದೆ, ಏನನ್ನೂ ಬೆಸೆಯಬೇಕಾಗಿಲ್ಲ. ಅನನುಕೂಲವೂ ಇದೆ: ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಮಾನ್ಯ ಮಕ್ಕಳಲ್ಲೂ ಅಕ್ಷರಜ್ಞಾನ ಪೂರ್ತಿಯಾಗಲು ಶಾಲೆಯ ಹಲವು ವರ್ಷಗಳು ಹಿಡಿಯುವುದು ಕಂಡುಬಂದಿದೆ. ನಿಮ್ಮ ಮಗ ಕಾಗುಣಿತದಲ್ಲಿ ನಿಂತಿರುವುದಕ್ಕೆ ಅವನ ನ್ಯೂನತೆಯೊಂದೇ ಕಾರಣ ಎಂದುಕೊಳ್ಳಬೇಡಿ.

ಮೊದಲ ಅಕ್ಷರ ಮರೆತುಹೋಗುವ ತೊಂದರೆಗೆ ಒಂದು ಉಪಾಯ: ಮೂರನ್ನೂ ಬಿಡಿಬಿಡಿಯಾಗಿ ಹೇಳಿಸಿ ಕೊನೆಗೆ ಕೂಡಿಸಬೇಡಿ. ‘ಕ’, ತಕ್ಷಣ ‘ಕಮ’, ತಕ್ಷಣ ‘ಕಮಲ’. ಪ್ರತಿ ಹೆಜ್ಜೆಯಲ್ಲೂ ಹಿಂದಿನದನ್ನು ಹೊತ್ತುಕೊಂಡೇ ಮುಂದೆ ಹೋಗುವುದು. ನೆನಪಿನ ಮೇಲಿನ ಭಾರ ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ. ಓದಿನ ಸಂಶೋಧಕರಾದ ಗಫ್ ಮತ್ತು ಟನ್ಮರ್ 1986ರಲ್ಲಿ ಕೊಟ್ಟ ಸರಳ ಸೂತ್ರ ಇಂದಿಗೂ ಉಪಯುಕ್ತ: ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಎಂದರೆ ಅಕ್ಷರ ಬಿಡಿಸುವ ಶಕ್ತಿ ಮತ್ತು ಭಾಷೆಯ ತಿಳಿವಳಿಕೆ ಇವೆರಡರ ಗುಣಲಬ್ಧ. ಕೂಡಿಸಿದ ಮೊತ್ತವಲ್ಲ, ಗುಣಿಸಿದ್ದು. ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ. ಆದ್ದರಿಂದ ಅವನು ಓದಲಾರದ ಪುಸ್ತಕಗಳನ್ನು ನೀವು ಅವನಿಗೆ ಓದಿ ಹೇಳುವುದು ನಿಲ್ಲಬಾರದು. ನಾವು ಮನೆಯಲ್ಲಿ ಮಾತನಾಡುವಾಗ ಪದದ ನಡುವಿನ ಸ್ವರಗಳನ್ನು ನುಂಗುತ್ತೇವೆ. ಪುಸ್ತಕದಲ್ಲಿ ‘ಬರುತ್ತಿದ್ದಾನೆ’ ಎಂದು ಪೂರ್ತಿ ಇರುತ್ತದೆ. ಪುಸ್ತಕದ ಕನ್ನಡವನ್ನು ಕಿವಿಯಲ್ಲಿ ಕೇಳದ ಮಗುವಿಗೆ, ಅಕ್ಷರಗಳನ್ನೆಲ್ಲ ಸರಿಯಾಗಿ ಬಿಡಿಸಿದ ಮೇಲೂ ಅದು ತನಗೆ ಗೊತ್ತಿರುವ ಪದವೇ ಎಂದು ಹೊಳೆಯುವುದಿಲ್ಲ.

ಮಳೆಬಿಲ್ಲು

ಎಲ್ಲರಿಗೂ ಕೃತಜ್ಞತೆಗಳು. ಚೀಟಿಗಳನ್ನು ಕಲಸಿ ತೋರಿಸಿದೆ. ಸಾಲಾಗಿ ಹೇಳುವಾಗ ಒಂದೂ ತಪ್ಪದವನು ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನಷ್ಟೇ ತಟ್ಟನೆ ಗುರುತಿಸಿದ. ಮಹಾಪ್ರಾಣಗಳೆಲ್ಲ ಬಾರದ ಗುಂಪಿಗೆ ಹೋದವು. ಮ ಮತ್ತು ಯ ನಿಜವಾಗಿಯೂ ಕಲಸಿಹೋಗಿವೆ. ಆದರೆ ‘ಕ, ಕಮ, ಕಮಲ’ ಕೆಲಸ ಮಾಡಿತು. ‘ನಗರ’ ಎಂಬ ಪದವನ್ನು ತಾನೇ ಓದಿದ. ಅದು ಬಸ್ಸಿನ ಫಲಕದಲ್ಲಿರುವ ಪದ ಎಂದು ಅವನೇ ಹೇಳಿದಾಗ ನನಗೆ ಮಾತು ಹೊರಡಲಿಲ್ಲ.

ಇನ್ನು ಕೆಲವು ಪ್ರಶ್ನೆಗಳಿವೆ. ಒತ್ತಕ್ಷರವನ್ನು ಹೇಗೆ ಶುರು ಮಾಡಬೇಕು? ಊಹಿಸುವುದನ್ನು ಬಿಡಿಸುವುದು ಹೇಗೆ? ಕೈ ಹಿಡಿತ ಸಾಲದು, ಎರಡು ಸಾಲು ಬರೆಯುವಷ್ಟರಲ್ಲಿ ಸುಸ್ತಾಗುತ್ತಾನೆ. ಬರೆಯದೆ ಓದು ಬರುತ್ತದೆಯೇ? ಮತ್ತು ಆ ಪುಸ್ತಕಗಳ ತೊಂದರೆ ಹಾಗೆಯೇ ಇದೆ.

ಹಿರಿಯಕ್ಕ

ಪುಸ್ತಕದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ನನ್ನ ತಮ್ಮನ ವಿಷಯದಲ್ಲಿ ನನಗೆ ಅತ್ಯಂತ ನೋವು ಕೊಟ್ಟದ್ದು ಅದೇ. ಹರೆಯದ ಹುಡುಗನ ಕೈಗೆ ಶಿಶುವಿಹಾರದ ಪುಸ್ತಕ ಕೊಟ್ಟರೆ ಅವನು ದೂರ ತಳ್ಳುವುದು ಪಾಠವನ್ನಲ್ಲ, ಅವಮಾನವನ್ನು. ಕಲಿಕೆ ನಿಧಾನವಿದ್ದ ಮಾತ್ರಕ್ಕೆ ವಯಸ್ಸು ನಿಧಾನವಾಗುವುದಿಲ್ಲ. ಅವನಿಗೆ ಹದಿನಾಲ್ಕು ವರ್ಷದ ಮನಸ್ಸೂ ಮಾನವೂ ಇವೆ.

ಅವನ ಪುಸ್ತಕವನ್ನು ಅವನೇ ಬರೆಯಲಿ. ಅವನು ಹೇಳಲಿ, ನೀವು ಬರೆಯಿರಿ. ಬಸ್ಸಿನ ಫೋಟೊ ಅಂಟಿಸಿ ಇದರ ಬಗ್ಗೆ ಏನು ಹೇಳುತ್ತೀಯ ಎಂದು ಕೇಳಿ. ‘ಇದು ಉದ್ದ ಬಸ್ಸು. ಬಾಗಿಲು ತಾನೇ ತೆಗೆಯುತ್ತದೆ’ ಎಂದು ಹೇಳಿದರೆ ಅಷ್ಟನ್ನೇ ಬರೆಯಿರಿ. ವಾಕ್ಯ ಚಂದ ಮಾಡಲು ಹೋಗಬೇಡಿ. ತನ್ನದೇ ಮಾತಾದ್ದರಿಂದ ಮುಂದಿನ ಪದ ಏನೆಂದು ಅವನಿಗೆ ಗೊತ್ತಿರುತ್ತದೆ, ಅರ್ಥವಾಗದ ಮಾತು ಅದರಲ್ಲಿ ಇರುವುದೇ ಇಲ್ಲ. ಒಂದು ಪುಟಕ್ಕೆ ಒಂದೋ ಎರಡೋ ಸಾಲು, ಅಕ್ಷರ ದಪ್ಪವಾಗಿ, ಸಾಲುಗಳ ನಡುವೆ ಧಾರಾಳವಾಗಿ ಜಾಗ. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುವುದರಿಂದ ಸಾಲುಗಳು ತೀರಾ ಹತ್ತಿರವಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಗುಲಿದಂತೆ ಕಾಣುತ್ತದೆ, ಕಣ್ಣು ದಾರಿ ತಪ್ಪುತ್ತದೆ.

ಅದೇ ಪುಟವನ್ನು ಮತ್ತೆ ಮತ್ತೆ ಓದಿಸಿ. ಮತ್ತೆ ಮತ್ತೆ ಓದುವುದರಿಂದ ವೇಗವೂ ನಿಖರತೆಯೂ ಹೆಚ್ಚುತ್ತವೆ ಎಂದು ಜೇ ಸ್ಯಾಮ್ಯುಯೆಲ್ಸ್ 1979ರಲ್ಲೇ ಬರೆದಿದ್ದಾರೆ. ನನ್ನ ತಮ್ಮ ತನ್ನ ಪುಟವನ್ನು ಮನೆಗೆ ಬಂದವರಿಗೆಲ್ಲ ಓದಿ ಕೇಳಿಸುತ್ತಿದ್ದ. ಬೇರೆ ಯಾವ ಅಭ್ಯಾಸವನ್ನೂ ಅವನು ಅಷ್ಟು ಸಲ ಮಾಡುತ್ತಿರಲಿಲ್ಲ.

ಮೊಬೈಲಿನಲ್ಲಿ ಅವನಿಗೆಂದೇ ದಿನಕ್ಕೊಂದು ಚಿಕ್ಕ ಸಂದೇಶ ಕಳಿಸಿ. ‘ಅಪ್ಪ ಬಂದರು.’ ‘ಬಾಗಿಲು ತೆಗೆ.’ ಅವನ ವಯಸ್ಸಿನವರು ನಿಜವಾಗಿ ಓದುವುದು ಅಂಥವನ್ನೇ.

ಮೌನರಾಗ

ನನ್ನ ಮಗಳಿಗೆ ಮಾತೇ ಬರುವುದಿಲ್ಲ, ಹದಿಮೂರು ವರ್ಷ. ಇಲ್ಲಿ ಎಲ್ಲರೂ ‘ಹೇಳಿಸಿ’ ಎನ್ನುತ್ತಿದ್ದೀರಿ. ನನ್ನಂಥವರೂ ಇದನ್ನು ಓದುತ್ತಿರುತ್ತಾರೆ ಎಂದು ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲಾಗದವರೂ ಓದಬಲ್ಲರು. ಮೂರು ಪದ ಇಟ್ಟು ‘ದಾರಿ’ ಯಾವುದು ಎಂದರೆ ಅವಳು ಕಣ್ಣಿನಿಂದ ತೋರಿಸುತ್ತಾಳೆ. ಒಂದು ವಾಕ್ಯ ಓದಿಸಿ, ನಾಲ್ಕು ಚಿತ್ರಗಳಲ್ಲಿ ಸರಿಯಾದದ್ದನ್ನು ಮುಟ್ಟಿಸಬಹುದು. ಮನಸ್ಸಿನೊಳಗೆ ಹೇಳಿಕೋ ಎಂದು ಹೇಳಿ, ಕಾಯಬೇಕು. ಕಾಯುವುದು ಮುಖ್ಯ, ಅವಳಿಗೆ ಉತ್ತರ ಕೊಡಲು ನಮಗಿಂತ ಬಹಳ ಹೆಚ್ಚು ಹೊತ್ತು ಬೇಕು. ಕ್ಯಾರೆನ್ ಎರಿಕ್ಸನ್ ಮತ್ತು ಡೇವಿಡ್ ಕೊಪ್ಪೆನ್‌ಹೇವರ್ ಮಾತು ಬಾರದ, ತೀವ್ರ ನ್ಯೂನತೆ ಇರುವ ಮಕ್ಕಳಿಗೆ ಓದು ಬರಹ ಕಲಿಸುವ ಬಗ್ಗೆ ದಶಕಗಳಿಂದ ಕೆಲಸ ಮಾಡಿದ್ದಾರೆ. ಇಂಥ ಮಗುವಿಗೆ ಓದಿನ ಅವಕಾಶ ಕೊಡಲು ಮೊದಲು ಅದು ಏನನ್ನೂ ಸಾಬೀತುಪಡಿಸಬೇಕಾಗಿಲ್ಲ ಎಂಬುದು ಅವರ ನಿಲುವು. ಮೊದಲು ಮಾತು ಬರಲಿ ಎಂದು ನಮಗೆ ಹೇಳಿದವರಿಗೆ ಈ ವಿಷಯ ಯಾರೂ ತಿಳಿಸಿರಲಿಲ್ಲ ಎಂದು ಕಾಣುತ್ತದೆ.

ಕರಿಹಲಗೆ

ಮೌನರಾಗ, ಬರೆದದ್ದು ಒಳ್ಳೆಯದಾಯಿತು. ಮಾತು ಬರುವ ಮಕ್ಕಳಿಗೂ ಮುಟ್ಟಿ ತೋರಿಸುವ ವಿಧಾನ ಒಳ್ಳೆಯದು, ಉಚ್ಚಾರಣೆಯ ತೊಂದರೆಯನ್ನು ಓದಿನ ತೊಂದರೆ ಎಂದು ತಪ್ಪಾಗಿ ಎಣಿಸುವುದು ತಪ್ಪುತ್ತದೆ.

ಮಳೆಬಿಲ್ಲು, ಒತ್ತಕ್ಷರಕ್ಕೆ ಬರೋಣ. ಒಂದೇ ವ್ಯಂಜನ ಎರಡು ಸಲ ಬರುವವುಗಳಿಂದ ಶುರು ಮಾಡಿ: ಅಪ್ಪ, ಅಕ್ಕ, ಅಜ್ಜ, ಹಗ್ಗ, ಗದ್ದೆ. ನಮ್ಮ ಮಾತಿನಲ್ಲಿ ಇವು ಬೇಕಾದಷ್ಟಿವೆ, ಕೆಳಗಿನ ಗುರುತು ಮೇಲಿನ ಅಕ್ಷರದಂತೆಯೇ ತಲೆಕಟ್ಟಿಲ್ಲದೆ ಚಿಕ್ಕದಾಗಿ ಕಾಣುತ್ತದೆ. ಆಮೇಲೆ ರೂಪ ಬದಲಾಗುವವು: ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಮೂಲ ಅಕ್ಷರದ ಹೋಲಿಕೆ ಇಲ್ಲ. ಆದರೆ ಅತಿ ಹೆಚ್ಚು ಬಳಕೆಯಾಗುವವು ಇವೇ: ಅತ್ತೆ, ಅನ್ನ, ಅಮ್ಮ, ಎಲ್ಲ. ಆರೇ ಗುರುತು, ಪ್ರತಿಯೊಂದನ್ನೂ ಹೊಸ ಅಕ್ಷರವೆಂದೇ ಭಾವಿಸಿ ಕಲಿಸಿ.

ನಿಜವಾದ ಬೆಟ್ಟ ಬರುವುದು ಸ್ವರಚಿಹ್ನೆಯೂ ಒತ್ತೂ ಒಟ್ಟಿಗೆ ಬಂದಾಗ. ‘ಶಕ್ತಿ’ ಎಂಬ ಪದ ನೋಡಿ. ಗುಡಿಸು ಇರುವುದು ಮೇಲೆ, ‘ಕ’ದ ತಲೆಯ ಮೇಲೆ, ಉಚ್ಚರಿಸುವುದು ಕೆಳಗಿನ ‘ತ’ದ ನಂತರ. ಕಂಡಂತೆ ಓದುವ ಹುಡುಗ ‘ಶಕಿತ’ ಎನ್ನುತ್ತಾನೆ, ಮತ್ತು ಅವನು ಕಂಡದ್ದನ್ನು ಸರಿಯಾಗಿಯೇ ಓದಿದ್ದಾನೆ. ಬೈಯಬೇಡಿ, ನಿಯಮ ಹೇಳಿ: ಮೇಲಿನ ಅಕ್ಷರಕ್ಕೆ ಅರ್ಧ, ಕೆಳಗಿನದಕ್ಕೆ ಸ್ವರ. ‘ಸೂರ್ಯ’ದಲ್ಲಿ ಇನ್ನೊಂದು ತಿರುವು. ಅರ್ಕಾವೊತ್ತು ಕಾಣುವುದು ‘ಯ’ದ ನಂತರ, ಉಚ್ಚಾರಣೆ ಅದಕ್ಕೆ ಮೊದಲು. ಅದನ್ನು ಕೊನೆಗೆ ಇಟ್ಟುಕೊಳ್ಳಿ, ಆತುರವಿಲ್ಲ.

ಇಲ್ಲಿ ಮೊಬೈಲಿನ ಕನ್ನಡ ಕೀಲಿಮಣೆ ಬಹಳ ಸಹಾಯ ಮಾಡುತ್ತದೆ. ‘ಕ್ತಿ’ ಎಂದು ಮೂಡಿಸಲು ಕ, ಅರ್ಧಾಕ್ಷರದ ಗುರುತು, ತ, ಆಮೇಲೆ ಗುಡಿಸು ಒತ್ತಬೇಕು. ಅಂದರೆ ಬಾಯಲ್ಲಿ ಬರುವ ಕ್ರಮದಲ್ಲೇ ಬೆರಳೂ ಹೋಗುತ್ತದೆ, ರೂಪ ಕಣ್ಣೆದುರೇ ಬದಲಾಗುತ್ತದೆ. ಬರೆಯದೆ ಓದು ಬರುತ್ತದೆಯೇ ಎಂಬ ಪ್ರಶ್ನೆಗೂ ಇದೇ ಉತ್ತರ. ಪದವನ್ನು ಅವನು ಕಟ್ಟಬೇಕು. ಪೆನ್ಸಿಲಿನಿಂದಲೇ ಕಟ್ಟಬೇಕೆಂದಿಲ್ಲ. ಅಕ್ಷರದ ಬಿಲ್ಲೆಗಳು ಅಥವಾ ಕೀಲಿಮಣೆ ಆದೀತು. ಕೈಯ ದಣಿವು ಓದಿಗೆ ಅಡ್ಡ ಬರಬಾರದು.

ಊಹೆ ಬಿಡಿಸಲು ಒಂದು ರಟ್ಟಿನ ತುಂಡು ಸಾಕು. ಪದವನ್ನು ಮುಚ್ಚಿ, ಎಡದಿಂದ ಒಂದೊಂದೇ ಅಕ್ಷರ ತೆರೆಯಿರಿ. ಮುಂದಿನ ಅಕ್ಷರ ಕಾಣದಿದ್ದಾಗ ಊಹಿಸಲು ಏನೂ ಇರುವುದಿಲ್ಲ. ಚಿತ್ರವನ್ನು ಓದಿದ ಮೇಲೆ ತೋರಿಸಿ, ಮೊದಲೇ ಅಲ್ಲ.

ಹೊಸ ಪದ ಕೊಡುವಾಗ ಆರಂಭದಲ್ಲಿ ತೋರಿಸಿದ ಕೂಡಲೇ ನೀವೇ ಹೇಳಿ, ಅವನು ನಿಮ್ಮ ಹಿಂದೆ ಹೇಳಲಿ. ಕೆಲವು ಸಲದ ನಂತರ ತೋರಿಸಿ ನಾಲ್ಕೈದು ಸೆಕೆಂಡು ಸುಮ್ಮನಿರಿ. ಹೇಳಿದರೆ ಸಂತೋಷ, ಇಲ್ಲದಿದ್ದರೆ ನೀವು ಹೇಳಿ ಮುಂದಕ್ಕೆ ಹೋಗಿ. ತಪ್ಪು ಹೇಳಿ ಹೇಳಿ ಅದೇ ರೂಢಿಯಾಗುವುದು ಇದರಿಂದ ತಪ್ಪುತ್ತದೆ. ಒಂದು ಕೂರುವಿಕೆ ಹತ್ತು ಹದಿನೈದು ನಿಮಿಷ ಇರಲಿ, ದಿನಕ್ಕೆ ಎರಡು ಮೂರು ಸಲ. ಇವತ್ತು ಬಂದ ಪದವನ್ನು ನಾಳೆ ಕೇಳಿ, ಆಮೇಲೆ ಕೆಲವು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು. ಮರೆತಿದ್ದರೆ ಅಂತರ ಕಡಿಮೆ ಮಾಡಿ.

ಸಂಜೆಗಾಳಿ

ಕೀಲಿಮಣೆಯ ಮಾತು ನನಗೆ ಹೊಸದು, ಮಗಳೊಂದಿಗೆ ಪ್ರಯತ್ನಿಸುತ್ತೇನೆ. ಕೂಡಿಸುವುದನ್ನು ಕಲಿಸಲೇಬೇಕು ಎಂಬುದನ್ನು ಒಪ್ಪುತ್ತೇನೆ. ಆದರೂ ಕ್ರಮದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ: ನಮ್ಮ ಮಗಳಿಗೆ ಓದು ಎಂದರೆ ಏನು ಎಂಬುದು ಹೊಳೆದದ್ದು ಇಡೀ ಪದಗಳಿಂದ. ತಾನು ಓದಬಲ್ಲೆ ಎಂಬ ಭರವಸೆ ಮೊದಲು ಬಂದದ್ದರಿಂದಲೇ ಮುಂದಿನ ಕಷ್ಟವನ್ನು ಅವಳು ಸಹಿಸಿಕೊಂಡಳು. ಮಕ್ಕಳೆಲ್ಲ ಒಂದೇ ಬಾಗಿಲಿನಿಂದ ಒಳಗೆ ಬರುವುದಿಲ್ಲ.

ನಾದ

ಅದು ನ್ಯಾಯವಾದ ಮಾತು. ನಾನೂ ಪದಗಳ ಸಂಗ್ರಹವನ್ನು ಪಕ್ಕದಲ್ಲಿ ಬೆಳೆಸುತ್ತಲೇ ಕೂಡಿಸುವುದನ್ನು ಕಲಿಸುತ್ತೇನೆ.

ಒಂದು ಎಚ್ಚರಿಕೆ ಮಾತ್ರ. ಕೆಲವು ಮಕ್ಕಳು ಪುಟಗಟ್ಟಲೆ ಸರಾಗವಾಗಿ ಓದುತ್ತಾರೆ, ಏನು ಓದಿದೆ ಎಂದರೆ ಉತ್ತರವಿರುವುದಿಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ಮೊದಲ ವಾಕ್ಯದಿಂದಲೇ ಅರ್ಥ ಕೇಳಿ, ಆದರೆ ವಿಚಾರಣೆಯಂತೆ ಅಲ್ಲ. ‘ಬಾಗಿಲು ತೆಗೆ’ ಎಂದು ಬರೆದ ಚೀಟಿ ಕೊಟ್ಟು, ಅವನು ಬಾಗಿಲು ತೆಗೆದರೆ ಅರ್ಥವಾಗಿದೆ ಎಂದೇ ತಿಳಿಯಿರಿ. ಯಾರು, ಎಲ್ಲಿ ಎಂಬ ಪ್ರಶ್ನೆಗಳು ಸುಲಭ. ಏಕೆ ಎಂಬುದು ಕಷ್ಟ, ಅದಕ್ಕೆ ಮೊದಮೊದಲು ನೀವೇ ಎರಡು ಉತ್ತರ ಕೊಟ್ಟು ಆರಿಸಲು ಬಿಡಿ.

ಮಳೆಬಿಲ್ಲು

ಇಷ್ಟು ಕಾಲ ಮಗನ ಬಗ್ಗೆ ಕೇಳಿದ್ದು ಏನು ಬಾರದು ಎಂಬ ಪಟ್ಟಿಯನ್ನೇ. ಏನು ಮಾಡಬಹುದು ಎಂದು ಯಾರೂ ಹೀಗೆ ಕೂತು ಹೇಳಿರಲಿಲ್ಲ. ಕಿವಿಯ ಪರೀಕ್ಷೆಗೆ ಹೆಸರು ಬರೆಸಿದ್ದೇನೆ. ಬಸ್ಸಿನ ಪುಸ್ತಕದ ಮೊದಲ ಪುಟ ಸಿದ್ಧವಾಗಿದೆ, ವಾಕ್ಯ ಅವನದೇ.

ಕೊನೆಯದಾಗಿ ಒಂದು ಸಹಾಯ. ಅವನಿಗೆ ತಟ್ಟನೆ ಬರುವ ವ್ಯಂಜನಗಳು: ರ, ಗ, ಸ, ದ, ಜ, ನ, ಬ, ಕ, ಲ, ತ, ಡ, ಚ, ವ. ದೀರ್ಘ ಮತ್ತು ಗುಡಿಸು ಗೊತ್ತು, ಕೊಂಬಿನಲ್ಲಿ ತಡವರಿಸುತ್ತಾನೆ. ಇವುಗಳಲ್ಲಿ ಅವನಿಗೆ ಇಷ್ಟವಾಗುವ ಪದಗಳು ಯಾವುವು?

ಕರಿಹಲಗೆ

ಮೊದಲು ಚಿಹ್ನೆಯಿಲ್ಲದವು: ನಗರ, ಜನ, ಗರಗಸ, ಕದ. ಆಮೇಲೆ ದೀರ್ಘ ಮತ್ತು ಗುಡಿಸು ಇರುವವು, ಅವನ ಲೋಕದವೇ ಬೇಕಾದಷ್ಟಿವೆ: ಗಾಲಿ, ಗಾಡಿ, ದಾರಿ, ಲಾರಿ, ಕಾರು, ಚಾಲಕ, ವಾಹನ. ‘ಕಾರು’ವಿನಲ್ಲಿ ಕೊಂಬು ಬರುತ್ತದೆ, ‘ವಾಹನ’ದಲ್ಲಿ ‘ಹ’ ಬರುತ್ತದೆ. ಒಂದು ಪದಕ್ಕೆ ಹೊಸದು ಒಂದೇ ಇದ್ದರೆ ತೊಂದರೆಯಿಲ್ಲ. ಕೊಂಬಿಗೆ ಅವನನ್ನು ಕರೆದುಕೊಂಡು ಹೋಗಲು ‘ಕಾರು’ವೇ ಸಾಕು. ‘ಪು’ ಮತ್ತು ‘ವು’ ಮಾತ್ರ ಸದ್ಯಕ್ಕೆ ಬೇಡ, ಅವುಗಳಲ್ಲಿ ಕೊಂಬು ಕೂರುವ ಜಾಗ ಬೇರೆ, ‘ವು’ ನೋಡಲು ‘ಮ’ದಂತೆಯೂ ಇರುತ್ತದೆ.

‘ಬಸ್ಸು’ ಎಂಬುದಕ್ಕೆ ಒತ್ತು, ಕೊಂಬು ಎರಡೂ ಬೇಕು. ಅದಕ್ಕಾಗಿ ಅವನನ್ನು ಕಾಯಿಸಬೇಡಿ. ಸಂಜೆಗಾಳಿ ಹೇಳಿದ ಹಾಗೆ ಇಡೀ ಪದವಾಗಿ ಇವತ್ತೇ ಕೊಡಿ.